ರೋಡ್ ಬೈಕಿಗೆ ಬದಲಿ ಬಾಟಮ್ ಬ್ರ್ಯಾಕೆಟ್: ಬೆಂಗಳೂರಿನ ದೂಳು, ಮಳೆಗೆ ಒಗ್ಗುವುದು ಯಾವುದು

ರೋಡ್ ಬೈಕಿನ ಬಾಟಮ್ ಬ್ರ್ಯಾಕೆಟ್, ಅಂದರೆ ಪೆಡಲಿನ ತೋಳುಗಳ (ಕ್ರ್ಯಾಂಕ್) ಅಚ್ಚನ್ನು ಹಿಡಿದಿಡುವ ಬೇರಿಂಗುಗಳ ಜೋಡಿ, ಸವೆದಾಗ ಬೆಂಗಳೂರಿನ ಸವಾರನ ಮುಂದೆ ಇರುವ ಆಯ್ಕೆಗಳು ಹೆಚ್ಚೇನೂ ಇಲ್ಲ. ಶಿಮಾನೊ ಕಂಪನಿಯ ಸಾಧಾರಣ ದರ್ಜೆಯ ಬಿಬಿ-ಆರ್‌ಎಸ್500, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಎಸ್‌ಎಂ-ಬಿಬಿಆರ್60, ಎಲ್ಲಕ್ಕಿಂತ ಮೇಲಿನ ಡ್ಯೂರಾ-ಏಸ್ ದರ್ಜೆಯ ಬಿಬಿ-ಆರ್9100, ಬೇರಿಂಗನ್ನು ಮಾತ್ರ ತೆಗೆದು ಬದಲಿಸಬಹುದಾದ ಬೇರೆ ಕಂಪನಿಗಳ ಕಪ್‌ಗಳು ಮತ್ತು ಸೆರಾಮಿಕ್ ಬೇರಿಂಗಿನ ದುಬಾರಿ ಮಾದರಿಗಳು. ನಾನು ಕೊಂಡದ್ದು ಇವುಗಳಲ್ಲಿ ಮೊದಲನೆಯದನ್ನು. ದುಡ್ಡಿನ ಲೆಕ್ಕವನ್ನು ಪೂರ್ತಿ ಬದಿಗಿಟ್ಟು, ನಮ್ಮ ರಸ್ತೆಗಳು, ನಮ್ಮ ಮಳೆ ಮತ್ತು ನಮ್ಮ ಮೆಕ್ಯಾನಿಕ್‌ಗಳ ಪೆಟ್ಟಿಗೆಯಲ್ಲಿ ಸಿಗುವ ಉಪಕರಣ, ಇವಿಷ್ಟನ್ನೇ ನೋಡಿದರೂ ಈ ಅಗ್ಗದ ಮಾದರಿಯೇ ಮೇಲು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ನನ್ನ ಬೈಕು ಅಲ್ಯೂಮಿನಿಯಂ ಫ್ರೇಮಿನದು, ಅದರಲ್ಲಿರುವುದು ಶಿಮಾನೊ 105 ಸರಣಿಯ 5800 ಕ್ರ್ಯಾಂಕ್. ಬಾಟಮ್ ಬ್ರ್ಯಾಕೆಟ್ ಕೂರುವ ಕೊಳವೆ, ಅಂದರೆ ಶೆಲ್, ಥ್ರೆಡ್ ಇರುವ ಬಿಎಸ್‌ಎ ಮಾದರಿಯದು. ಆದ್ದರಿಂದ ಈ ವಿಮರ್ಶೆ ಮುಖ್ಯವಾಗಿ ಅಂಥ ಬೈಕುಗಳಿಗೆ ಅನ್ವಯಿಸುತ್ತದೆ. ಥ್ರೆಡ್ ಇಲ್ಲದೆ ಒತ್ತಿ ಕೂರಿಸುವ ಪ್ರೆಸ್-ಫಿಟ್ ಫ್ರೇಮಿನವರಿಗೆ ಹೇಳಬೇಕಾದದ್ದು ಬೇರೆಯೇ ಇದೆ, ಅದನ್ನು ಮುಂದೆ ಸಂಕ್ಷೇಪವಾಗಿ ಹೇಳುತ್ತೇನೆ.

ಎರಡು ಕ್ರ್ಯಾಂಕ್ ತೋಳುಗಳನ್ನು ಜೋಡಿಸುವ ಅಚ್ಚು ಫ್ರೇಮಿನೊಳಗೆ ಸಲೀಸಾಗಿ ತಿರುಗುವಂತೆ ಹಿಡಿದಿಡುವ ಬೇರಿಂಗುಗಳ ಜೋಡಿಯೇ ಬಾಟಮ್ ಬ್ರ್ಯಾಕೆಟ್. ಹಳೆಯ ಕಪ್ಪು ಸೈಕಲ್ಲುಗಳಲ್ಲಿ ಇದು ಬಿಡಿ ಗುಂಡುಗಳು, ಎರಡು ಕಪ್‌ಗಳು ಮತ್ತು ತೋಳನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನಿನ ರೂಪದಲ್ಲಿತ್ತು. ಪ್ರತಿ ಮಳೆಗಾಲ ಮುಗಿದ ಮೇಲೆ ಬೀದಿ ಬದಿಯ ಸೈಕಲ್ ಶಾಪಿನವರು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ತುಂಬಿ ಮತ್ತೆ ಜೋಡಿಸಿಕೊಡುತ್ತಿದ್ದರು. ಶಿಮಾನೊದ ಈಗಿನ ಹಾಲೋಟೆಕ್-2 ಮಾದರಿಯಲ್ಲಿ ಬೇರಿಂಗುಗಳು ಶೆಲ್ಲಿನ ಹೊರಗೆ, ಎರಡು ಬದಿಗೆ ಕಾಣುವ ಕಪ್‌ಗಳ ಒಳಗೆ ಕೂರುತ್ತವೆ, ಬಲಗಡೆಯ ಕ್ರ್ಯಾಂಕಿಗೇ ಅಂಟಿಕೊಂಡ 24 ಮಿಲಿಮೀಟರ್ ದಪ್ಪದ ಟೊಳ್ಳು ಅಚ್ಚು ಅವುಗಳ ಮೂಲಕ ಹಾದುಹೋಗುತ್ತದೆ. ಬೇರಿಂಗು ಹೊರಗಿರುವುದರಿಂದ ಎರಡು ಬೇರಿಂಗುಗಳ ನಡುವಿನ ಅಂತರ ಹೆಚ್ಚಿ ಜೋಡಣೆ ಬಿಗಿಯಾಗಿರುತ್ತದೆ, ನಿಜ. ಆದರೆ ಮುಂದಿನ ಚಕ್ರ ಎರಚುವ ಕೆಸರು ನೇರವಾಗಿ ಬಂದು ಬೀಳುವ ಜಾಗವೂ ಅದೇ ಆಗಿದೆ.

ಬೆಂಗಳೂರಿನಲ್ಲಿ ಈ ಭಾಗ ಬೇಗ ಸಾಯುವುದಕ್ಕೆ ಇದೇ ಮುಖ್ಯ ಕಾರಣ. ಮೇ ತಿಂಗಳ ಗುಡುಗು ಮಳೆಯಿಂದ ಹಿಡಿದು ಅಕ್ಟೋಬರಿನ ಹಿಂಗಾರಿನವರೆಗೆ ಇಲ್ಲಿ ಒಂದಲ್ಲ ಒಂದು ವಾರ ರಸ್ತೆ ಒದ್ದೆಯಾಗಿಯೇ ಇರುತ್ತದೆ. ಒದ್ದೆ ಆರಿದ ಮರುದಿನ ಅದೇ ಕೆಸರು ನುಣ್ಣನೆಯ ದೂಳಾಗಿ ಏಳುತ್ತದೆ. ಮೆಟ್ರೊ ಕಾಮಗಾರಿ ನಡೆಯುವ ರಸ್ತೆಗಳಲ್ಲಂತೂ ಸಿಮೆಂಟಿನ ಪುಡಿಯೂ ಅದಕ್ಕೆ ಸೇರಿಕೊಳ್ಳುತ್ತದೆ. ಬೆಳಗಿನ ಜಾವ ಹೆಬ್ಬಾಳದಿಂದ ಹೊರಟು, 1,478 ಮೀಟರ್ ಎತ್ತರದ ನಂದಿಬೆಟ್ಟವನ್ನು ಹತ್ತಿ ಮಂಜಿನಲ್ಲಿ ಇಳಿದು ಬರುವವರ ಬೈಕಿಗೆ ಮಳೆಯೇ ಇಲ್ಲದ ದಿನವೂ ನೀರು ಕುಡಿಯುವ ಯೋಗ ತಪ್ಪಿದ್ದಲ್ಲ. ಇನ್ನೊಂದು ದಾರಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ: ಸೀಟ್‌ಪೋಸ್ಟಿನ ಕ್ಲಾಂಪಿನ ಸೀಳಿನಲ್ಲಿ ಇಳಿದ ನೀರು ಸೀಟಿನ ಕೊಳವೆಯ ಮೂಲಕ ಹರಿದು ಶೆಲ್ಲಿನೊಳಗೆ ನಿಲ್ಲುತ್ತದೆ, ಅಲ್ಲಿಂದ ಬೇರಿಂಗಿನ ಒಳಬದಿಗೆ ತಲಪುತ್ತದೆ. ಹಲವು ಫ್ರೇಮುಗಳ ಶೆಲ್ಲಿನ ತಳದಲ್ಲಿ ಇದಕ್ಕೆಂದೇ ಒಂದು ಸಣ್ಣ ತೂತು ಇರುತ್ತದೆ, ಅದು ಮಣ್ಣಿನಿಂದ ಮುಚ್ಚಿಹೋಗಿದ್ದರೆ ಚುಚ್ಚಿ ತೆರೆದಿಡಬೇಕು. ಇವೆಲ್ಲಕ್ಕಿಂತ ದೊಡ್ಡ ಶತ್ರು ವಾಟರ್ ಸರ್ವಿಸ್. ಸ್ಕೂಟರು ತೊಳೆಯುವ ಒತ್ತಡದ ನೀರನ್ನು ಬಾಟಮ್ ಬ್ರ್ಯಾಕೆಟ್ಟಿನ ಕಡೆಗೆ ಹಿಡಿದರೆ ಯಾವ ಕಂಪನಿಯ ಸೀಲೂ ತಡೆಯುವುದಿಲ್ಲ. ಗ್ರೀಸು ಹೊರಗೆ, ನೀರು ಒಳಗೆ, ಅಷ್ಟೇ.

ಹೊಸದನ್ನು ಕೊಳ್ಳುವ ಮೊದಲು ಕೆಟ್ಟಿರುವುದು ಬಾಟಮ್ ಬ್ರ್ಯಾಕೆಟ್ಟೇ ಹೌದೇ ಎಂದು ಖಚಿತಪಡಿಸಿಕೊಳ್ಳುವುದು ಅಗತ್ಯ, ಏಕೆಂದರೆ ಪೆಡಲ್ ತುಳಿಯುವಾಗ ಬರುವ ಕಿರುಗುಟ್ಟುವ ಸದ್ದುಗಳಲ್ಲಿ ಬಹುಪಾಲು ಬೇರೆ ಕಡೆಯಿಂದ ಬರುತ್ತವೆ. ಟೊಳ್ಳು ಕೊಳವೆಗಳ ಫ್ರೇಮಿನಲ್ಲಿ ಸದ್ದು ಎಲ್ಲೋ ಹುಟ್ಟಿ ಇನ್ನೆಲ್ಲೋ ಕೇಳಿಸುತ್ತದೆ. ಸೀಟಿನಿಂದ ಎದ್ದು ನಿಂತು ತುಳಿದಾಗ ಸದ್ದು ನಿಂತರೆ ಸ್ಯಾಡಲ್ ಅಥವಾ ಸೀಟ್‌ಪೋಸ್ಟನ್ನು ನೋಡಬೇಕು. ಒಂದೇ ಕಾಲಿನ ಒತ್ತಡಕ್ಕೆ ಸದ್ದು ಬಂದರೆ ಆ ಕಡೆಯ ಪೆಡಲಿನ ಥ್ರೆಡ್ಡನ್ನೂ ಶೂವಿನ ಕ್ಲೀಟನ್ನೂ ನೋಡಬೇಕು. ಚೈನ್‌ರಿಂಗಿನ ಬೋಲ್ಟುಗಳು, ಹಿಂಚಕ್ರದ ಕ್ವಿಕ್ ರಿಲೀಸ್, ಇವೂ ಅಪರಾಧಿಗಳ ಸಾಲಿನಲ್ಲಿವೆ. ನಾನು ಬೈಕನ್ನು ಒಯ್ದದ್ದು ಬಸವನಗುಡಿಯ ಕಡೆ ತಮ್ಮ ಮನೆಯ ಶೆಡ್ಡಿನಲ್ಲೇ ಕೆಲಸ ಮಾಡುವ ಒಬ್ಬ ಮೆಕ್ಯಾನಿಕ್ ಬಳಿಗೆ. ಅವರು ಮಾರಾಟದ ಮಾತನ್ನೇ ಎತ್ತದೆ, "ಸರ್, ಫಸ್ಟು ಪೆಡಲ್ ಬಿಚ್ಚಿ ಗ್ರೀಸ್ ಹಾಕೋಣ. ಆಮೇಲೂ ಸೌಂಡ್ ಬಂದ್ರೆ ಬಿಬಿ ನೋಡೋಣ" ಎಂದರು. ಬೈಕ್ ರಿಪೇರಿಗೆ ಜನ ಹುಡುಕಬೇಕಾದದ್ದು ಇಂಥವರನ್ನು. ಅದಕ್ಕೂ ಮೊದಲು ಹೋಗಿದ್ದ, ಗಾಜಿನ ಮುಂಬಾಗಿಲಿನ ಒಂದು ಅಂಗಡಿಯಲ್ಲಿ ಬೈಕನ್ನು ಸ್ಟ್ಯಾಂಡಿಗೆ ಏರಿಸುವ ಮೊದಲೇ ಕ್ರ್ಯಾಂಕ್‌ಸೆಟ್ ಸಮೇತ ಬದಲಿಸಬೇಕೆಂಬ ಅಂದಾಜು ಪಟ್ಟಿ ಕೈಗೆ ಬಂದಿತ್ತು.

ಬಾಟಮ್ ಬ್ರ್ಯಾಕೆಟ್ಟಿನ ನಿಜವಾದ ಪರೀಕ್ಷೆ ಸುಲಭ. ಕ್ರ್ಯಾಂಕ್ ತೋಳನ್ನು ಹಿಡಿದು ಫ್ರೇಮಿನ ಕಡೆಗೂ ಹೊರಕ್ಕೂ ಅಲುಗಿಸಿದಾಗ ಟಕ್ ಟಕ್ ಎಂದು ಅಲುಗಾಟ ಸಿಕ್ಕರೆ, ಮತ್ತು ಎಡಗಡೆಯ ತೋಳನ್ನು ಸರಿಯಾಗಿ ಬಿಗಿದ ಮೇಲೂ ಅದು ಉಳಿದರೆ, ಬೇರಿಂಗು ಸವೆದಿದೆ. ಚೈನನ್ನು ಚೈನ್‌ರಿಂಗಿನಿಂದ ಇಳಿಸಿ ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸಿ, ಇನ್ನೊಂದು ಕೈಯನ್ನು ಸೀಟಿನ ಕೊಳವೆಯ ಮೇಲಿಟ್ಟರೆ ಒಳಗಿನ ಮರಳು ಬೆರಳಿಗೆ ಗೊತ್ತಾಗುತ್ತದೆ. ಕ್ರ್ಯಾಂಕನ್ನು ಪೂರ್ತಿ ಹೊರತೆಗೆದು ಬೇರಿಂಗಿನ ಒಳ ಉಂಗುರವನ್ನು ಬೆರಳಿನಿಂದ ತಿರುಗಿಸಿ ನೋಡುವುದು ಎಲ್ಲಕ್ಕಿಂತ ಖಚಿತ. ನನ್ನದರಲ್ಲಿ ಬಲಗಡೆಯದು ಗರಗರ ಎನ್ನುತ್ತಿತ್ತು, ಎಡಗಡೆಯದು ಒಂದು ಜಾಗಕ್ಕೆ ಬಂದು ಹಿಡಿದುಕೊಳ್ಳುತ್ತಿತ್ತು. ಕ್ರ್ಯಾಂಕ್ ಕೈಯಲ್ಲಿರುವಾಗಲೇ ಅದನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ಶಿಮಾನೊದ ಅಲ್ಟೆಗ್ರ ಮತ್ತು ಡ್ಯೂರಾ-ಏಸ್ ದರ್ಜೆಯ, 2012 ಮತ್ತು 2019ರ ನಡುವೆ ತಯಾರಾದ, 11 ಸ್ಪೀಡಿನ ಕೆಲವು ಕ್ರ್ಯಾಂಕುಗಳಲ್ಲಿ ಅಂಟಿಸಿದ ಎರಡು ಭಾಗಗಳು ಬಿಟ್ಟುಕೊಳ್ಳುವ ದೋಷ ಕಂಡುಬಂದು ಕಂಪನಿಯೇ 2023ರ ಸೆಪ್ಟೆಂಬರಿನಲ್ಲಿ ತಪಾಸಣೆ ಮತ್ತು ಬದಲಾವಣೆಯ ಕಾರ್ಯಕ್ರಮವನ್ನು ಘೋಷಿಸಿತು. 105 ಸರಣಿ ಆ ಪಟ್ಟಿಯಲ್ಲಿಲ್ಲ. ಆದರೆ ಅಲ್ಟೆಗ್ರ 6800 ಅಥವಾ ಆರ್8000 ಇರುವವರು ಕಿರುಗುಟ್ಟುವ ಸದ್ದನ್ನು ಬಾಟಮ್ ಬ್ರ್ಯಾಕೆಟ್ಟಿನ ತಲೆಗೆ ಕಟ್ಟುವ ಮುಂಚೆ ಈ ಸಾಧ್ಯತೆಯನ್ನು ನೋಡಲೇಬೇಕು.

ಇನ್ನು ಅಳತೆಯ ವಿಷಯ. ಬದಲಿ ಭಾಗ ಆರಿಸುವಾಗ ಹಣ ಪೋಲಾಗುವುದು ಹೆಚ್ಚಾಗಿ ಇಲ್ಲಿಯೇ. ಎರಡು ಅಳತೆಗಳು ಬೇಕು: ಫ್ರೇಮಿನ ಶೆಲ್ಲಿನದೊಂದು, ಕ್ರ್ಯಾಂಕಿನ ಅಚ್ಚಿನದೊಂದು. ಕಪ್‌ಗಳನ್ನು ಬಿಚ್ಚಿ, ವರ್ನಿಯರ್ ಕ್ಯಾಲಿಪರ್ ಹಿಡಿದು ಶೆಲ್ಲಿನ ಅಗಲವನ್ನು ಅಳೆದಾಗ 68 ಮಿಲಿಮೀಟರ್ ಬಂದು, ಒಳಗೆ ಥ್ರೆಡ್ ಇದ್ದರೆ ಅದು ಬಿಎಸ್‌ಎ. ಥ್ರೆಡ್ಡಿನ ಅಳತೆ 1.37 ಇಂಚು, ಇಂಚಿಗೆ 24 ಸುತ್ತು. 70 ಮಿಲಿಮೀಟರ್ ಬಂದರೆ ಅದು ಇಟಾಲಿಯನ್, 36 ಮಿಲಿಮೀಟರ್ ವ್ಯಾಸದ್ದು, ಬಿಎಸ್‌ಎ ಕಪ್ ಅದರಲ್ಲಿ ಕೂರುವುದೇ ಇಲ್ಲ. ಹಳೆಯ ಇಟಾಲಿಯನ್ ಉಕ್ಕಿನ ಫ್ರೇಮುಗಳನ್ನು ಆಸೆಪಟ್ಟು ತರಿಸಿಕೊಳ್ಳುವವರು ನಮ್ಮ ಊರಿನಲ್ಲಿ ಈಗ ಹೆಚ್ಚುತ್ತಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಹೊರಗೆ ಹಲ್ಲುಗಳಿರುವ ಕಪ್ಪೇ ಕಾಣದೆ ನುಣುಪಾದ ಪ್ಲಾಸ್ಟಿಕ್ಕಿನ ಅಂಚು ಮಾತ್ರ ಕಂಡರೆ ಫ್ರೇಮು ಪ್ರೆಸ್-ಫಿಟ್. ಅದರಲ್ಲಿ 86.5 ಮಿಲಿಮೀಟರ್ ಅಗಲ, 41 ಮಿಲಿಮೀಟರ್ ಒಳವ್ಯಾಸದ ಬಿಬಿ86, 68 ಮಿಲಿಮೀಟರ್ ಅಗಲ, 42 ಮಿಲಿಮೀಟರ್ ಒಳವ್ಯಾಸದ ಬಿಬಿ30, 46 ಮಿಲಿಮೀಟರ್ ಒಳವ್ಯಾಸದ ಪಿಎಫ್30, ಹೀಗೆ ಒಂದು ಸಂಸಾರವೇ ಇದೆ.

ಅಚ್ಚಿನ ಅಳತೆಯನ್ನು ಜನ ಮರೆಯುವುದು ಇನ್ನೂ ಹೆಚ್ಚು. ಶಿಮಾನೊದ ಎರಡು ತುಂಡಿನ ರೋಡ್ ಕ್ರ್ಯಾಂಕುಗಳ ಅಚ್ಚು ಉದ್ದಕ್ಕೂ 24 ಮಿಲಿಮೀಟರ್. ಸ್ರ್ಯಾಮ್ ಕಂಪನಿಯ ಜಿಎಕ್ಸ್‌ಪಿ ಅಚ್ಚು ಬಲಗಡೆ 24, ಎಡಗಡೆ 22. 2018ರಲ್ಲಿ ಬಂದ ಅದೇ ಕಂಪನಿಯ ಡಬ್ ಅಚ್ಚು 28.99. ಎಫ್‌ಎಸ್‌ಎ ಕಂಪನಿಯ ಅಗ್ಗದ ಕೆಲವು ಕ್ರ್ಯಾಂಕುಗಳ ಅಚ್ಚು 19 ಮಿಲಿಮೀಟರಿನದು. ಹೊರಗಿನಿಂದ ನೋಡಿದರೆ ಕಪ್‌ಗಳೆಲ್ಲ ಒಂದೇ ಬಗೆ ಕಾಣುತ್ತವೆ, ಎಲ್ಲವೂ ಅದೇ ಬಿಎಸ್‌ಎ ಶೆಲ್ಲಿಗೆ ತಿರುಗಿ ಕೂರುತ್ತವೆ, ಕ್ರ್ಯಾಂಕ್ ತೂರಿಸುವ ಹೊತ್ತಿಗೆ ಮಾತ್ರ ಬಣ್ಣ ಬಯಲಾಗುತ್ತದೆ. ಇದರ ಜೊತೆಗೆ, ಆನ್‌ಲೈನ್ ಮಾರಾಟಗಾರರು ಮೌಂಟನ್ ಬೈಕಿನ ಮಾದರಿಗಳನ್ನೂ ರೋಡ್ ಮಾದರಿಗಳನ್ನೂ ಒಂದೇ ಶೀರ್ಷಿಕೆಯಡಿ ಮಾರುವುದುಂಟು. ಮೌಂಟನ್ ಮಾದರಿಯ ಪೊಟ್ಟಣದಲ್ಲಿ 68 ಮತ್ತು 73 ಮಿಲಿಮೀಟರ್ ಶೆಲ್ಲುಗಳಿಗೆಂದು 2.5 ಮಿಲಿಮೀಟರಿನ ಸ್ಪೇಸರುಗಳಿರುತ್ತವೆ; ರೋಡ್ ಕ್ರ್ಯಾಂಕಿಗೆ 68ರ ಶೆಲ್ಲಿನಲ್ಲಿ ಅವು ಯಾವುದೂ ಬೇಡ. ತುದಿಗೆ ಕಿರಿದಾಗುವ (ಟೇಪರ್) ಚೌಕ ಅಚ್ಚಿನ ಹಳೆಯ ಅಥವಾ ಅಗ್ಗದ ಬೈಕುಗಳದು ಬೇರೆ ಕಥೆ: ಅಲ್ಲಿ ಅಚ್ಚು ಬಾಟಮ್ ಬ್ರ್ಯಾಕೆಟ್ಟಿನ ಜೊತೆಗೇ ಬರುತ್ತದೆ, ಅದರ ಉದ್ದ 110 ಇದೆಯೋ 113 ಇದೆಯೋ ಎಂಬುದನ್ನು ಹಳೆಯದರ ಮೇಲೆ ಓದಿ ಅಷ್ಟೇ ಉದ್ದದ್ದನ್ನು ತರಬೇಕು, ಇಲ್ಲವಾದರೆ ಚೈನಿನ ಸಾಲು ಕೆಡುತ್ತದೆ.

ಈಗ ನಾನು ಹಾಕಿಸಿದ ಬಿಬಿ-ಆರ್‌ಎಸ್500 ಬಗ್ಗೆ. ಇದೇ ಬಳಗದ ಆರ್‌ಎಸ್501 ಕೂಡ ಅಂಗಡಿಗಳಲ್ಲಿ ಸಿಗುತ್ತದೆ, ಕೊಳ್ಳುವವನ ದೃಷ್ಟಿಯಿಂದ ಎರಡರ ನಡುವೆ ತಲೆ ಕೆಡಿಸಿಕೊಳ್ಳಬೇಕಾದದ್ದು ಏನೂ ಇಲ್ಲ. ಪೊಟ್ಟಣದಲ್ಲಿ ಎಡ ಮತ್ತು ಬಲದ ಎರಡು ಅಲ್ಯೂಮಿನಿಯಂ ಕಪ್‌ಗಳು, ಅವುಗಳ ನಡುವೆ ಕೂರುವ ಒಂದು ಪ್ಲಾಸ್ಟಿಕ್ ಕೊಳವೆ, ಅದರ ತುದಿಗಳಲ್ಲಿ ಓ-ರಿಂಗುಗಳು ಇರುತ್ತವೆ. ಈ ಪ್ಲಾಸ್ಟಿಕ್ ಕೊಳವೆ ಕೆಲಸಕ್ಕೆ ಬಾರದ ವಸ್ತುವೆಂದು ತಿಳಿದು ಎಸೆಯುವ ಮೆಕ್ಯಾನಿಕ್‌ಗಳನ್ನು ಕಂಡಿದ್ದೇನೆ. ಸೀಟಿನ ಕೊಳವೆಯಿಂದ ಇಳಿದ ನೀರು ಬೇರಿಂಗಿನ ಬೆನ್ನಿಗೆ ತಾಗದಂತೆ ತಡೆಯುವುದು ಅದೊಂದೇ. ನಮ್ಮ ಮಳೆಯಲ್ಲಿ ಅದಿಲ್ಲದೆ ಜೋಡಿಸುವುದು ಮೂರ್ಖತನ. ಬೇರಿಂಗು ಮೊದಲ ದಿನ ಕೈಯಲ್ಲಿ ತಿರುಗಿಸಿದರೆ ಸ್ವಲ್ಪ ಬಿಗಿ ಎನಿಸುತ್ತದೆ, ಗಾಳಿಯಲ್ಲಿ ಸುತ್ತುವ ಚಕ್ರದಂತೆ ಬಿಟ್ಟಕೂಡಲೇ ತಿರುಗುವುದಿಲ್ಲ. ಇದು ದಪ್ಪ ಗ್ರೀಸು ಮತ್ತು ಒತ್ತಿ ಕೂರುವ ಸೀಲಿನ ಪರಿಣಾಮ. ಅಂಗಡಿಯಲ್ಲಿ ಬೆರಳಿನಿಂದ ತಿರುಗಿಸಿ ಹೋಲಿಸುವವರಿಗೆ ಇದು ದೋಷವಾಗಿ ಕಾಣಬಹುದು. ಒದ್ದೆ ರಸ್ತೆಯಲ್ಲಿ ಓಡಿಸುವವನಿಗೆ ಇದೇ ಬೇಕಾದ ಗುಣ. ಒಂದು ಮುಂಗಾರನ್ನೂ ಹಿಂಗಾರನ್ನೂ ದಾಟಿದ ನನ್ನ ಕಪ್‌ಗಳಲ್ಲಿ ಈವರೆಗೆ ಅಲುಗಾಟವಾಗಲಿ ಸದ್ದಾಗಲಿ ಇಲ್ಲ.

ಈ ಮಾದರಿಯ ಇನ್ನೊಂದು ಗುಣವನ್ನು ಕಂಪನಿಯ ಜಾಹೀರಾತು ಹೇಳುವುದಿಲ್ಲ. ಇದರ ಕಪ್ ಹಳೆಯ ಕಾಲದಿಂದ ಬಂದ 44 ಮಿಲಿಮೀಟರ್, ಹದಿನಾರು ಹಲ್ಲಿನ ಅಳತೆಯದು. ಅದಕ್ಕೆ ಬೇಕಾದ ಪಾನಾ ಬೆಂಗಳೂರಿನಲ್ಲಿ ರೋಡ್ ಬೈಕ್ ಮುಟ್ಟುವ ಬಹುತೇಕ ಪ್ರತಿಯೊಬ್ಬ ಮೆಕ್ಯಾನಿಕ್ ಬಳಿ ಇದೆ. ಎಸ್‌ಎಂ-ಬಿಬಿಆರ್60 ಕಪ್ಪಿನ ಹೊರ ಅಳತೆ ಚಿಕ್ಕದು, 41 ಮಿಲಿಮೀಟರ್. ಡ್ಯೂರಾ-ಏಸ್ ದರ್ಜೆಯದು ಅದಕ್ಕಿಂತಲೂ ಚಿಕ್ಕದು, 39. ಅವುಗಳಿಗೆ ದೊಡ್ಡ ಪಾನಾದೊಳಗೆ ಕೂರುವ ಪ್ಲಾಸ್ಟಿಕ್ ಅಡಾಪ್ಟರ್ ಬಳಸಬೇಕಾಗುತ್ತದೆ. ಹೊಸ ಕಪ್ ಹಾಕುವಾಗ ಆ ಪ್ಲಾಸ್ಟಿಕ್ ಸಾಕು. ಎರಡು ವರ್ಷ ಕೂತು ತುಕ್ಕು ಹಿಡಿದ ಕಪ್ಪನ್ನು ಬಿಚ್ಚುವಾಗ ಅದರ ಹಲ್ಲು ಸವೆದು ಜಾರತೊಡಗುತ್ತದೆ, ಆಗ ಮೆಕ್ಯಾನಿಕ್ ಪೈಪ್ ಪಾನಾ ಹಿಡಿದು ಕಪ್ಪನ್ನು ಗೀರಿ ಹಾಕುತ್ತಾರೆ. ಉಕ್ಕಿನ ಸರಿಯಾದ ಪಾನಾ ಇರುವ ಅಂಗಡಿಗೆ ಹೋಗುವ ಅಭ್ಯಾಸವಿದ್ದವರಿಗೆ ಇದು ತೊಡಕಲ್ಲ.

ಬಿಬಿಆರ್60 ಕೆಟ್ಟ ವಸ್ತುವೇನೂ ಅಲ್ಲ. ನೋಡಲು ಅಚ್ಚುಕಟ್ಟಾಗಿದೆ, ತುಸು ಹಗುರವಾಗಿದೆ. ಬೆಲೆಯ ವ್ಯತ್ಯಾಸ ಅಲ್ಪವಾಗಿದ್ದು ಅದೊಂದೇ ಅಂಗಡಿಯಲ್ಲಿ ಸಿಕ್ಕಿದರೆ ಧಾರಾಳವಾಗಿ ಕೊಳ್ಳಬಹುದು. ಡ್ಯೂರಾ-ಏಸ್ ದರ್ಜೆಯದಕ್ಕೆ ಮಾತ್ರ ನನ್ನ ಶಿಫಾರಸು ಇಲ್ಲ. ಅದರ ತೂಕ 65 ಗ್ರಾಂ, ಅಗ್ಗದ ಮಾದರಿಗಿಂತ ಹೆಚ್ಚೆಂದರೆ ಮೂವತ್ತು ಗ್ರಾಮಿನ ಆಸುಪಾಸು ಕಡಿಮೆ. ಬಾಟಲಿಯಿಂದ ಎರಡು ಗುಟುಕು ನೀರು ಕುಡಿದರೆ ಅಷ್ಟು ತೂಕ ಇಳಿಯುತ್ತದೆ. ಚಿಕ್ಕ ಕಪ್ಪಿನೊಳಗೆ ಜಾಗ ಕಡಿಮೆಯಾದ ಕಾರಣ ಅದರ ಬೇರಿಂಗೂ ಚಿಕ್ಕದು. ಸ್ಪರ್ಧೆಗೆ ಇಳಿಯುವವರು ಪ್ರತಿ ಋತುವಿಗೆ ಹೊಸದು ಹಾಕಿಕೊಳ್ಳಲಿ, ಬೇಡವೆನ್ನಲು ನಾನಾರು.

ಬೇರಿಂಗು ಬದಲಿಸಬಹುದಾದ ಕಪ್‌ಗಳ ವಿಚಾರ ಹೆಚ್ಚು ಸ್ವಾರಸ್ಯಕರ, ಏಕೆಂದರೆ ಈ ಆಯ್ಕೆ ಬೆಂಗಳೂರಿನಂಥ ಊರಿಗೆ ಹೇಳಿ ಮಾಡಿಸಿದಂತೆ ಮೇಲ್ನೋಟಕ್ಕೆ ಕಾಣುತ್ತದೆ. ಇಂಥ ಕಪ್‌ಗಳಲ್ಲಿ ಹಲವು 6805 ಸಂಖ್ಯೆಯ ಬೇರಿಂಗನ್ನು ಬಳಸುತ್ತವೆ: ಒಳವ್ಯಾಸ 25, ಹೊರವ್ಯಾಸ 37, ದಪ್ಪ 7 ಮಿಲಿಮೀಟರ್. ಎಸ್‌ಕೆಎಫ್ ಕಂಪನಿ ಅದನ್ನೇ 61805 ಎಂದು ಗುರುತಿಸುತ್ತದೆ. ಎಸ್‌ಜೆಪಿ ರಸ್ತೆಯ ಬೇರಿಂಗ್ ಅಂಗಡಿಗಳಲ್ಲಿ ಸಂಖ್ಯೆ ಹೇಳಿದರೆ ಸಾಕು, ಎರಡೂ ಬದಿಗೆ ರಬ್ಬರ್ ಸೀಲಿರುವ 2ಆರ್‌ಎಸ್ ಮಾದರಿ ಬೇಕೆಂಬುದನ್ನು ಮಾತ್ರ ಮರೆಯದೆ ಸೇರಿಸಬೇಕು. ಅಚ್ಚು 24, ಬೇರಿಂಗಿನ ರಂಧ್ರ 25. ಈ ಒಂದು ಮಿಲಿಮೀಟರಿನ ಅಂತರವನ್ನು ಟೋಪಿಯಂಥ ಅಂಚಿರುವ ತೆಳ್ಳನೆಯ ಪ್ಲಾಸ್ಟಿಕ್ ಉಂಗುರ ತುಂಬುತ್ತದೆ. ಹಳೆಯ ಬೇರಿಂಗನ್ನು ಹೊರಗೆಳೆದು ಹೊಸದನ್ನು ನೇರವಾಗಿ ಒತ್ತಿ ಕೂರಿಸಲು ಚಿಕ್ಕ ಪ್ರೆಸ್ ಬೇಕು. ಅದು ಕೈಯಲ್ಲಿದ್ದವರಿಗೆ ಕಪ್ಪನ್ನು ಫ್ರೇಮಿನಿಂದ ಬಿಚ್ಚದೆಯೇ ಕೆಲಸ ಮುಗಿಯುತ್ತದೆ.

ಆದರೆ ಅಲ್ಲಿ ಒಂದು ತೊಡಕಿದೆ. ಕೈಗಾರಿಕೆಗೆಂದು ಮಾಡಿದ 6805 ಬೇರಿಂಗು ಮೋಟಾರಿನ ಒಳಗೆ, ಸಾವಿರಾರು ಸುತ್ತಿನ ವೇಗದಲ್ಲಿ, ಶುಚಿಯಾದ ಜಾಗದಲ್ಲಿ ತಿರುಗಲು ರೂಪುಗೊಂಡದ್ದು. ಅದರೊಳಗಿನ ಗ್ರೀಸಿನ ಪ್ರಮಾಣ ಕಡಿಮೆ. ನಾವು ಪೆಡಲ್ ತುಳಿಯುವುದು ನಿಮಿಷಕ್ಕೆ ಎಂಬತ್ತು, ತೊಂಬತ್ತು ಸುತ್ತು, ಅದೂ ಕೆಸರಿನ ನಡುವೆ. ಹೊಸ ಬೇರಿಂಗಿನ ಸೀಲನ್ನು ತೆಳ್ಳನೆಯ ಮೊನೆಯಿಂದ ಎಬ್ಬಿಸಿ, ನೀರು ತಡೆಯುವ ಗ್ರೀಸನ್ನು ಸಾಕಷ್ಟು ತುಂಬಿ ಮತ್ತೆ ಮುಚ್ಚಿದರೆ ಆಯುಸ್ಸು ಹೆಚ್ಚುತ್ತದೆ. ಹಾಗೆ ಮಾಡಿಕೊಳ್ಳುವ ತಾಳ್ಮೆ ಇರುವವರಿಗೆ ಈ ದಾರಿ ಚೆನ್ನ. ಉಳಿದವರಿಗೆ, ಒಳ್ಳೆಯ ಕಂಪನಿಯ ಎರಡು ಬೇರಿಂಗು, ಉಂಗುರಗಳು, ಒತ್ತಿಸುವ ಕೂಲಿ ಎಲ್ಲ ಸೇರಿದಾಗ ಶಿಮಾನೊದ ಹೊಸ ಜೋಡಿಗೂ ಇದಕ್ಕೂ ಹೇಳಿಕೊಳ್ಳುವಂಥ ಅಂತರ ಉಳಿಯುವುದಿಲ್ಲ. ಹೆಸರಿಲ್ಲದ ಅಗ್ಗದ ಬೇರಿಂಗು ಹಾಕಿದರೆ ಅದೇ ಮಳೆಗಾಲದಲ್ಲಿ ಮತ್ತೆ ಎಸ್‌ಜೆಪಿ ರಸ್ತೆಯ ಸಂದಣಿಯಲ್ಲಿ ನಿಲ್ಲಬೇಕಾಗುತ್ತದೆ.

ಸೆರಾಮಿಕ್ ಬಗ್ಗೆ ಹೆಚ್ಚು ಬರೆಯಲು ಏನೂ ಇಲ್ಲ. ಮಾರುಕಟ್ಟೆಯಲ್ಲಿ ಸಿಗುವವುಗಳಲ್ಲಿ ಹೆಚ್ಚಿನವು ಮಿಶ್ರ ಮಾದರಿಯವು: ಗುಂಡುಗಳು ಮಾತ್ರ ಸಿಲಿಕಾನ್ ನೈಟ್ರೈಡಿನವು, ಅವು ಉರುಳುವ ಹಾದಿ ಉಕ್ಕಿನದೇ. ಗುಂಡು ಉಕ್ಕಿಗಿಂತ ಗಟ್ಟಿಯಾಗಿರುವುದರಿಂದ ದೂಳು ಒಳಹೊಕ್ಕ ಮೇಲೆ ಕೆಡುವುದು ಉಕ್ಕಿನ ಹಾದಿ. ಎಳೆತ ಕಡಿಮೆಯಾಗಲೆಂದು ಸೀಲು ಸಡಿಲ, ಗ್ರೀಸು ತೆಳು. ಆ ಕಾರಣಕ್ಕೇ ತಯಾರಕರು ಆಗಾಗ ಬಿಚ್ಚಿ ಶುಚಿಮಾಡಿ ಹೊಸ ಗ್ರೀಸು ಹಾಕಲು ಹೇಳುತ್ತಾರೆ. ಕನಕಪುರ ರಸ್ತೆಯ ಲಾರಿಗಳ ಹಿಂದೆ ಸಾಗುವ ಬೈಕಿಗೆ ಇದು ತಕ್ಕ ವಸ್ತುವಲ್ಲ, ಬೆಲೆಯೋ ಸಾಧಾರಣ ಮಾದರಿಯ ಹಲವು ಪಟ್ಟು.

ಪ್ರೆಸ್-ಫಿಟ್ ಫ್ರೇಮಿನವರು ಆಯ್ಕೆಯ ಕ್ರಮವನ್ನು ಬದಲಿಸಿಕೊಳ್ಳಬೇಕು. ಬಿಬಿ86 ಶೆಲ್ಲಿಗೆ ಶಿಮಾನೊದ ಪ್ಲಾಸ್ಟಿಕ್ ಕಪ್ಪಿನ ಎಸ್‌ಎಂ-ಬಿಬಿ72 ಅಗ್ಗವೂ ಹೌದು, ಫ್ರೇಮಿನ ಅಳತೆ ಕರಾರುವಾಕ್ಕಾಗಿದ್ದರೆ ಸದ್ದಿಲ್ಲದೆ ಓಡುತ್ತದೆ. ಫ್ರೇಮಿನ ರಂಧ್ರ ಕೊಂಚ ದೊಡ್ಡದಿದ್ದರೆ ಅಥವಾ ಎರಡು ಬದಿ ಒಂದೇ ನೇರದಲ್ಲಿ ಇಲ್ಲದಿದ್ದರೆ, ಎಷ್ಟು ಬಾರಿ ಬದಲಿಸಿದರೂ ಕಿರುಗುಟ್ಟುವುದು ನಿಲ್ಲುವುದಿಲ್ಲ. ಅಂಥವರಿಗೆ ಎರಡು ಕಪ್‌ಗಳು ಶೆಲ್ಲಿನ ನಡುವೆ ಒಂದಕ್ಕೊಂದು ತಿರುಗಿ ಬಿಗಿದುಕೊಳ್ಳುವ ಮಾದರಿ, ಉದಾಹರಣೆಗೆ ಟೋಕನ್ ಕಂಪನಿಯ ನಿಂಜಾ ಅಥವಾ ವೀಲ್ಸ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯದು, ಹೆಚ್ಚು ದುಡ್ಡು ಕೊಟ್ಟರೂ ತಕ್ಕದ್ದು. ಸುತ್ತಿಗೆಯಿಂದ ಬಡಿದು ಕೂರಿಸುವ ಅಂಗಡಿಯಿಂದ ಕಾರ್ಬನ್ ಫ್ರೇಮನ್ನು ವಾಪಸು ತಂದುಬಿಡಬೇಕು.

ಯಾವ ಮಾದರಿ ಕೊಂಡರೂ ಅದರ ಆಯುಸ್ಸನ್ನು ನಿರ್ಧರಿಸುವುದು ಜೋಡಣೆ. ಬಿಎಸ್‌ಎ ಶೆಲ್ಲಿನ ಬಲಗಡೆಯ, ಅಂದರೆ ಚೈನಿರುವ ಕಡೆಯ ಕಪ್ಪಿಗೆ ಎಡ ಥ್ರೆಡ್ ಇರುತ್ತದೆ. ಅದನ್ನು ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಬೇಕು. ತುಳಿಯುವ ಒತ್ತಡದಿಂದ ಕಪ್ಪು ತಾನಾಗಿ ಸಡಿಲವಾಗದಿರಲಿ ಎಂದು ಮಾಡಿದ ಏರ್ಪಾಡು ಇದು. ಇಟಾಲಿಯನ್ ಶೆಲ್ಲಿನಲ್ಲಿ ಎರಡೂ ಕಡೆ ಸಾಮಾನ್ಯ ಥ್ರೆಡ್ಡೇ ಇರುವುದರಿಂದ ಅಲ್ಲಿ ಬಲಗಡೆಯದು ಸಡಿಲವಾಗುವ ದೂರು ಹಳೆಯದು. ಶೆಲ್ಲಿನೊಳಗಿನ ಹಳೆಯ ಗ್ರೀಸನ್ನೂ ಮಣ್ಣನ್ನೂ ಪೂರ್ತಿ ಒರೆಸಿ, ಥ್ರೆಡ್ಡಿಗೆ ಹೊಸ ಗ್ರೀಸು ಸವರಿ, ಮೊದಲ ಕೆಲವು ಸುತ್ತುಗಳನ್ನು ಪಾನಾ ಮುಟ್ಟದೆ ಬೆರಳಿನಿಂದಲೇ ತಿರುಗಿಸಬೇಕು; ಬೆರಳಿಗೆ ಬಗ್ಗದ ಕಪ್ಪನ್ನು ಪಾನಾದಿಂದ ಬಗ್ಗಿಸಿದರೆ ಫ್ರೇಮಿನ ಥ್ರೆಡ್ಡೇ ಹೋಗುತ್ತದೆ. ಶೆಲ್ಲಿನ ಎರಡು ಮುಖಗಳ ಮೇಲೆ ಬಣ್ಣ ದಪ್ಪವಾಗಿ ಕೂತಿದ್ದರೆ ಕಪ್‌ಗಳು ಓರೆಯಾಗಿ ಕೂತು ಬೇರಿಂಗು ಅಕಾಲದಲ್ಲಿ ಸವೆಯುತ್ತದೆ. ಮುಖವನ್ನು ಸಮತಟ್ಟಾಗಿ ಕೆತ್ತುವ ಫೇಸಿಂಗ್ ಉಪಕರಣ ಊರಿನ ಕೆಲವೇ ಅಂಗಡಿಗಳಲ್ಲಿದೆ, ವರ್ಷಕ್ಕೊಂದು ಬಾಟಮ್ ಬ್ರ್ಯಾಕೆಟ್ ನುಂಗುತ್ತಿರುವ ಫ್ರೇಮಿದ್ದರೆ ಒಮ್ಮೆ ಅಲ್ಲಿಗೆ ಒಯ್ಯುವುದು ಲೇಸು.

ಕಪ್‌ಗಳನ್ನು 35ರಿಂದ 50 ನ್ಯೂಟನ್ ಮೀಟರ್ ಬಿಗಿಯಬೇಕೆಂದು ಶಿಮಾನೊ ಹೇಳುತ್ತದೆ. ನಮ್ಮಲ್ಲಿ ಕೈಯಂದಾಜಿನಲ್ಲಿ ಬಿಗಿಯುವವರೇ ಹೆಚ್ಚು. ಅನುಭವಸ್ಥರ ಕೈಗೆ ಆ ಅಂದಾಜು ಸಿಕ್ಕಿರುತ್ತದೆ ಎಂಬುದನ್ನು ಒಪ್ಪುತ್ತೇನೆ. ಎಡಗಡೆಯ ತೋಳಿನ ವಿಷಯದಲ್ಲಿ ಮಾತ್ರ ಅಂದಾಜು ನಡೆಯುವುದಿಲ್ಲ. ಅದರ ತುದಿಯ ಪ್ಲಾಸ್ಟಿಕ್ ಮುಚ್ಚಳವನ್ನು ಅಲುಗಾಟ ಹೋಗುವಷ್ಟು, ಅಂದರೆ 0.7ರಿಂದ 1.5 ನ್ಯೂಟನ್ ಮೀಟರ್, ಬೆರಳಿನ ಬಲದಲ್ಲಿ ತಿರುಗಿಸಿದರೆ ಸಾಕು. ಅದನ್ನು ಬಲವಾಗಿ ಬಿಗಿದರೆ ಬೇರಿಂಗಿನ ಮೇಲೆ ಬದಿಯ ಒತ್ತಡ ಬಿದ್ದು ಹೊಸ ವಸ್ತುವೂ ತಿಂಗಳುಗಳಲ್ಲಿ ಗರಗರ ಎನ್ನತೊಡಗುತ್ತದೆ. ಬಳಿಕ ತೋಳಿನ ಎರಡು ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸರದಿಯಲ್ಲಿ 12ರಿಂದ 14 ನ್ಯೂಟನ್ ಮೀಟರಿನವರೆಗೆ ತರಬೇಕು, ನಡುವಿನ ಚಿಕ್ಕ ತಡೆತಟ್ಟೆಯನ್ನು ಒಳಕ್ಕೆ ಒತ್ತಿರಬೇಕು.

ನನ್ನ ಮೆಕ್ಯಾನಿಕ್ ಈ ಕ್ರಮವನ್ನು ಒಂದೂ ಬಿಡದೆ ಪಾಲಿಸಿದರು, ಬಿಗಿತದ ಅಳತೆ ತೋರುವ ಟಾರ್ಕ್ ಪಾನಾ ಬಳಸಿದರು, ತೆಗೆದ ಹಳೆಯ ಕಪ್‌ಗಳನ್ನು ಕೇಳುವ ಮೊದಲೇ ಕೈಗಿತ್ತರು. ಭಾಗವನ್ನು ಹೊರಗಿನಿಂದ ಕೊಂಡು ಒಯ್ದದ್ದಕ್ಕೆ ಅವರು ಮುಖ ಗಂಟಿಕ್ಕಲಿಲ್ಲ, ಕೂಲಿಯನ್ನು ಮೊದಲೇ ಹೇಳಿದರು. ದೂರಬೇಕಾದದ್ದು ಒಂದೇ: ಮಳೆಗಾಲದ ಶನಿವಾರಗಳಲ್ಲಿ ಅವರಲ್ಲಿ ಸರದಿ ಸಿಗುವುದು ಕಷ್ಟ, ವಾರದ ನಡುವೆ ಹೋಗುವುದು ಮೇಲು. ಸ್ವತಃ ಮಾಡಿಕೊಳ್ಳುವ ಉಮೇದಿರುವವರು 44 ಮಿಲಿಮೀಟರಿನ ಪಾನಾ, ಮುಚ್ಚಳ ತಿರುಗಿಸುವ ಟಿಎಲ್-ಎಫ್‌ಸಿ16 ಎಂಬ ಪುಟ್ಟ ಉಪಕರಣ, 5 ಮಿಲಿಮೀಟರಿನ ಅಲೆನ್ ಕೀ, ಟಾರ್ಕ್ ಪಾನಾ ಮತ್ತು ಒಂದು ಡಬ್ಬಿ ಗ್ರೀಸು ಕೊಂಡರೆ ಬಿಎಸ್‌ಎ ಬೈಕಿನ ಮಟ್ಟಿಗೆ ಬೇರೇನೂ ಬೇಕಾಗುವುದಿಲ್ಲ. ಕಪ್‌ಗಳನ್ನು ಆನ್‌ಲೈನಿನಲ್ಲಿ ತರಿಸುವುದಾದರೆ ಪೊಟ್ಟಣದ ಮೇಲೆ ಮಾದರಿ ಸಂಖ್ಯೆಯ ಜೊತೆಗೆ ಬಿಎಸ್‌ಎ ಮತ್ತು 68 ಎಂಬ ಗುರುತುಗಳಿವೆಯೇ ಎಂದು ತೆರೆಯುವ ಮುನ್ನವೇ ನೋಡಿಕೊಳ್ಳಬೇಕು, ಏಕೆಂದರೆ ಗ್ರೀಸು ತಾಗಿದ ಕಪ್ಪನ್ನು ಯಾವ ಮಾರಾಟಗಾರನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.